ಕೊಳಚೆ ತಿರುಗಿಸಿದರು, ಕೆರೆ ಬತ್ತಿತು: ಬೆಂಗಳೂರಿನ ಅಂಚಿನ ಒಂದು ಪ್ರಕರಣ

ಇದು ಬೆಂಗಳೂರಿನ ಆಗ್ನೇಯ ಭಾಗದ ಒಂದು ಕೆರೆಯ ಪ್ರಕರಣ. ಕೆರೆ, ಬಡಾವಣೆ, ಜನ ಯಾರ ಹೆಸರನ್ನೂ ಹಾಕಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಕೆರೆ ಸಮಿತಿಯ ಕಡತ, ಸಭೆಗಳ ನಡಾವಳಿ ಓದಿ, ಎಲ್ಲ ಕಡೆಯವರ ಜೊತೆ ಕೂತು ಮಾತಾಡಿ ಬರೆದದ್ದು. ಸಮಿತಿ ಗೆದ್ದಿತು, ಬಿಲ್ಡರ್ ಸೋತ ಅನ್ನುವ ಥರದ ಕತೆ ಬೇಕಾದವರಿಗೆ ಇದು ಸಪ್ಪೆ ಅನ್ನಿಸಬಹುದು. ಇಲ್ಲಿ ರಸ್ತೆಯೂ ಆಯಿತು, ಅಪಾರ್ಟ್‌ಮೆಂಟೂ ಎದ್ದಿತು, ಕೆರೆಯೂ ಉಳಿಯಿತು. ಯಾವ ಬೆಲೆಗೆ ಉಳಿಯಿತು ಅನ್ನುವುದೇ ವಿಷಯ.

ಹಿನ್ನೆಲೆ

ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ಊರು ಕೂತಿರುವುದು ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದ ದಿಬ್ಬದ ಮೇಲೆ. ಬಿದ್ದ ಮಳೆ ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ, ವೃಷಭಾವತಿ ಎಂಬ ಮೂರು ಕಣಿವೆ ಹಿಡಿದು ಇಳಿದುಹೋಗುತ್ತದೆ. ಹಿಂದಿನವರು ಆ ಇಳಿಜಾರಿನಲ್ಲೇ ಅಲ್ಲಲ್ಲಿ ಏರಿ ಕಟ್ಟಿ ನೀರು ನಿಲ್ಲಿಸಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರಬೇಕು. ಅಂದರೆ ಯಾವ ಕೆರೆಯೂ ಒಂಟಿಯಲ್ಲ.

ನಗರ ಬೆಳೆದದ್ದು ಈ ಸರಣಿಯನ್ನು ತುಂಡು ಮಾಡುತ್ತಲೇ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಕಡೆ ಧರ್ಮಾಂಬುಧಿ ಕೆರೆ ಇತ್ತು. ಕಂಠೀರವ ಕ್ರೀಡಾಂಗಣದ ಜಾಗ ಸಂಪಂಗಿ ಕೆರೆಯದು. ಅವೆಲ್ಲ ನಗರದ ಹೊಟ್ಟೆಯೊಳಗಿನ ಕೆರೆಗಳು. ನಮ್ಮ ಪ್ರಕರಣದ ಕೆರೆ ಅಂಚಿನದು, ಹಳ್ಳಿಯ ಕೆರೆ. ಏರಿ ಕೆಳಗೆ ಗದ್ದೆ, ತೂಬು ಎತ್ತಲು ನೀರುಗಂಟಿ, ಏರಿಯ ಮೇಲೆ ಒಂದು ಗಂಗಮ್ಮನ ಗುಡಿ.

2007ರಲ್ಲಿ 110 ಹಳ್ಳಿಗಳು ನಗರಕ್ಕೆ ಸೇರಿದಾಗ ಈ ಊರೂ ಸೇರಿತು. ಮನೆಗಳು ಬೇಗ ಬಂದವು, ಒಳಚರಂಡಿ ಬರಲಿಲ್ಲ. ಈ ಹಳ್ಳಿಗಳಿಗಾಗಿಯೇ ಮಾಡಿದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ ಅಷ್ಟೂ ವರ್ಷ ಜನ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಬಳಸಿದರು. ಬಳಸಿದ ನೀರು ಹತ್ತಿರದ ಕಾಲುವೆಗೆ, ಕಾಲುವೆಯಿಂದ ಕೆರೆಗೆ ಹೋಯಿತು. 2015ರ ಹೊತ್ತಿಗೆ ಕೆರೆಯ ತುಂಬ ಅಂತರಗಂಗೆ ಹಬ್ಬಿತ್ತು. ಸಂಜೆ ಕಿಟಕಿ ತೆಗೆದರೆ ವಾಸನೆ.

ಸಮಸ್ಯೆ ಒಂದಲ್ಲ, ಮೂರು

ಮೊದಲನೆಯದು ಕೊಳಚೆ. ಅದು ಎಲ್ಲರ ಕಣ್ಣಿಗೂ ಮೂಗಿಗೂ ಗೊತ್ತಾಗುತ್ತಿತ್ತು.

ಎರಡನೆಯದು ರಸ್ತೆ. ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಎಳೆದಿದ್ದ ಒಂದು ಗೆರೆ ಕೆರೆಯ ಮೇಲ್ಭಾಗದ ಮೂಲೆಯನ್ನು ಕತ್ತರಿಸಿಕೊಂಡು ಹೋಗುತ್ತಿತ್ತು. ಆ ಮೂಲೆ ಬೇಸಿಗೆಯಲ್ಲಿ ಒಣ ಹುಲ್ಲುಗಾವಲು. ದನ ಮೇಯುವ ಜಾಗ ಅಂತ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ನಿಜದಲ್ಲಿ ಕೆರೆಯ ಬಾಯಿ ಅದೇ. ರಾಜಕಾಲುವೆ ಬಂದು ಅಂಗಳಕ್ಕೆ ಬೀಳುವುದು ಅಲ್ಲೇ. ಹಾಗಂತ ರಸ್ತೆ ಬೇಕೆನ್ನುವವರು ದುರಾಸೆಯವರೂ ಅಲ್ಲ. ಎರಡು ಬಡಾವಣೆಗಳ ನಡುವೆ ಇದ್ದದ್ದು ಒಂದೇ ಕಿರಿದಾದ ದಾರಿ. ಆಂಬುಲೆನ್ಸ್ ಸಿಕ್ಕಿಹಾಕಿಕೊಂಡ ದಿನಗಳ ನೆನಪು ಅಲ್ಲಿ ಎಲ್ಲರಿಗೂ ಇದೆ.

ಮೂರನೆಯದು, ಕಾಲುವೆಗೆ ತಾಗಿಕೊಂಡು ಏಳಲಿದ್ದ ದೊಡ್ಡ ಅಪಾರ್ಟ್‌ಮೆಂಟ್. ಗ್ರಾಮ ನಕ್ಷೆಯಲ್ಲಿ ಕಾಲುವೆ ಅಗಲವಾಗಿತ್ತು. ನೆಲದ ಮೇಲೆ ಅದು ಒಂದು ಹಾರಿಗೆ ದಾಟುವಷ್ಟು ಕುಗ್ಗಿತ್ತು.

ಈ ಮೂರೂ ಬೇರೆ ಬೇರೆ ಅಂತ ಆಗ ಎಲ್ಲರೂ ಅಂದುಕೊಂಡರು. ಕೊಳಚೆಗೆ ಒಂದು ಇಲಾಖೆ, ರಸ್ತೆಗೆ ಇನ್ನೊಂದು, ಒತ್ತುವರಿಗೆ ತಹಶೀಲ್ದಾರ್ ಕಚೇರಿ. ಅರ್ಜಿಗಳೂ ಬೇರೆ ಬೇರೆಯೇ ಹೋದವು. ಮುಂದಿನ ನಾಲ್ಕು ವರ್ಷದ ಪರದಾಟಕ್ಕೆ ನನ್ನ ಪ್ರಕಾರ ಮುಖ್ಯ ಕಾರಣ ಇದೇ.

ಮೊದಲ ಪ್ರಯತ್ನ: ಚೆಂದದ ಕೆರೆ

2015ರ ಬೇಸಿಗೆಯಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿಕೊಂಡಿತು. ಟೀವಿಯಲ್ಲಿ ಅದನ್ನು ನೋಡಿದ ಮೇಲೆ ಅಧಿಕಾರಿಗಳಿಗೂ ಕೆರೆ ಅಂದರೆ ಅರ್ಜೆಂಟ್ ಆಯಿತು. ನಮ್ಮ ಕೆರೆಗೂ ಯೋಜನೆ ಬಂತು. ಹೂಳೆತ್ತಿ ಬೋಗುಣಿ ಥರ ಕಡಿದಾಗಿ ಕೊರೆಯುವುದು, ಸುತ್ತ ಕಲ್ಲು ಕಟ್ಟುವುದು, ವಾಕಿಂಗ್ ಪಾತ್, ತಂತಿ ಬೇಲಿ. ಎಲ್ಲಕ್ಕಿಂತ ಮುಖ್ಯವಾಗಿ, ರಾಜಕಾಲುವೆಯ ಬಾಯಿಯಲ್ಲೇ ಒಂದು ಕಾಂಕ್ರೀಟ್ ಚರಂಡಿ ಕಟ್ಟಿ, ಬರುವ ನೀರನ್ನೆಲ್ಲ ಕೆರೆಯ ಪಕ್ಕದಿಂದ ಸುತ್ತಿಸಿ ಕೋಡಿಯ ಕೆಳಗೆ ಬಿಡುವುದು.

ಕೊಳಚೆ ಕೆರೆಗೆ ಬರಬಾರದು ಅಂತ ತಾನೆ ಎಲ್ಲರೂ ಕೇಳಿದ್ದು? ಬರದ ಹಾಗೆ ಮಾಡಿದರು.

ಆಗಿನ ಸ್ಥಳ ಪರಿಶೀಲನೆಯ ದಿನ ನಡೆದ ಒಂದು ಮಾತುಕತೆಯನ್ನು ಅಲ್ಲಿದ್ದ ಮೂವರು ಹೆಚ್ಚುಕಡಿಮೆ ಒಂದೇ ಥರ ಹೇಳಿದರು. ನೀರುಗಂಟಿ ಮನೆತನದ ಅಜ್ಜ ಎಂಜಿನಿಯರ್‌ನ ಕೇಳಿದರಂತೆ: "ಸಾರ್, ಇರೋ ನೀರೆಲ್ಲ ಪಕ್ಕದಾಗೆ ಹೊಂಟೋದ್ರೆ ಕೆರೆಗೇನು ಬರ್ತದೆ?"

"ಮಳೆ ಬರುತ್ತಲ್ಲ ಯಜಮಾನ್ರೇ."

"ಕೆರೆ ಮ್ಯಾಲೆ ಬಿದ್ದಿದ್ರಲ್ಲಿ ಕೆರೆ ತುಂಬ್ತದಾ ಸಾರ್? ಊರ ಮ್ಯಾಲೆ ಬಿದ್ದಿದ್ದು ಬಂದ್ರೆ ತುಂಬೋದು."

ಅಜ್ಜ ಹೇಳಿದ್ದು ನಡಾವಳಿಯಲ್ಲಿ ಇಲ್ಲ. ಅವರು ಸಮಿತಿಯ ಸದಸ್ಯರೂ ಆಗಿರಲಿಲ್ಲ.

ಕೆಲಸ ಮುಗಿದ ವರ್ಷ ಎಲ್ಲರಿಗೂ ಖುಷಿ. ವಾಸನೆ ಹೋಯಿತು. ಬೆಳಗ್ಗೆ ವಾಕಿಂಗ್ ಬರುವವರು ಜಾಸ್ತಿಯಾದರು. 2017ರಲ್ಲಿ ಬೆಂಗಳೂರಿಗೆ ಭಾರಿ ಮಳೆ ಬಂತು, ರಸ್ತೆಗಳು ಮುಳುಗಿದವು. ಈ ಕೆರೆಯಲ್ಲಿ ನಿಂತದ್ದು ಮೊಣಕಾಲುದ್ದ ನೀರು. ಮುಂದಿನ ಬೇಸಿಗೆಗೆ ಅದೂ ಇಲ್ಲ. ಅಂಗಳ ಬಿರುಕು ಬಿಟ್ಟಿತು, ಹುಡುಗರು ಕ್ರಿಕೆಟ್ ಶುರು ಮಾಡಿದರು. ಕೊಳಚೆ ಇದ್ದಾಗಲೂ ಬರುತ್ತಿದ್ದ ನೀರುಕಾಗೆ, ನಾಮದ ಕೋಳಿ ಈಗ ಬರಲಿಲ್ಲ.

ಬತ್ತಿದ ಕೆರೆಗೆ ದಿಕ್ಕಿಲ್ಲ

ಪ್ರಕರಣದ ಮೊದಲ ತಿರುವು ಇಲ್ಲಿದೆ. ಕೆರೆ ಬತ್ತಿದ್ದೇ ತಡ, ಜನರ ಮಾತಿನ ಧಾಟಿ ಬದಲಾಯಿತು. "ನೀರೇ ಇಲ್ಲ, ಸುಮ್ನೆ ಖಾಲಿ ಬಿದ್ದಿದೆ, ಒಂದು ಮೂಲೆ ರಸ್ತೆಗೆ ಕೊಟ್ಟರೆ ಏನಾಯ್ತು?" ಇದನ್ನು ಹೇಳಿದ್ದು ಬಿಲ್ಡರ್ ಅಲ್ಲ. ಎರಡು ವರ್ಷದ ಹಿಂದೆ ಕೆರೆ ಉಳಿಸಿ ಅಂತ ಮೇಣದ ಬತ್ತಿ ಹಿಡಿದು ನಿಂತಿದ್ದ ಬಡಾವಣೆಯವರೇ. ಸ್ವರೂಪ ಕಳೆದುಕೊಂಡ ಕೆರೆಗಳನ್ನು ಕೆರೆ ಅನ್ನುವ ಪಟ್ಟಿಯಿಂದಲೇ ಕೈಬಿಡುವ ಪ್ರಸ್ತಾಪ 2017ರಲ್ಲಿ ಸರ್ಕಾರದ ಮಟ್ಟದಲ್ಲೂ ಓಡಾಡಿತ್ತು. ವಿರೋಧ ಬಂದ ಮೇಲೆ ನಿಂತಿತು. ಹಾಗಾಗಿ ಭಯ ಕಾಲ್ಪನಿಕ ಆಗಿರಲಿಲ್ಲ. ಕೊಳೆತ ನೀರಿದ್ದರೂ ಕೆರೆ ಕೆರೆಯೇ. ಬತ್ತಿತೆಂದರೆ ಅದು ಸೈಟು.

ಸಮಿತಿ ಒಡೆಯಿತು. ಒಂದು ಗುಂಪು ರಸ್ತೆ ವಿರುದ್ಧ ಕೋರ್ಟಿಗೆ ಹೋಗೋಣ ಅಂದಿತು. ಇನ್ನೊಂದು ಗುಂಪಿನ ಮುಂದಾಳು ಅಪಾರ್ಟ್‌ಮೆಂಟ್ ಸಂಘವೊಂದರ ಕಾರ್ಯದರ್ಶಿಯಾಗಿದ್ದ ಮಹಿಳೆ. ಅವರು ಹೇಳಿದ್ದು ಇಷ್ಟೇ: ಮೊದಲು ನೀರು ಎಲ್ಲಿಂದ ಬರುತ್ತಿತ್ತು ಅಂತ ನಡೆದು ನೋಡೋಣ, ಜಗಳ ಆಮೇಲೆ. ಕೆಲವರಿಗೆ ಇದು ಹೇಡಿತನದಂತೆ ಕಂಡಿತು. ನನಗೆ ಇಡೀ ಪ್ರಕರಣದಲ್ಲಿ ತೂಕದ ನಿರ್ಧಾರ ಇದೇ ಅನ್ನಿಸುತ್ತದೆ.

ನಡೆಯುವ ಮೊದಲು ಅವರು ಹಳೆಯ ಗ್ರಾಮ ನಕ್ಷೆಯ ನಕಲು ತೆಗೆಸಿದರು. ಅದನ್ನು ಮೊಬೈಲಿನ ಉಪಗ್ರಹ ಚಿತ್ರದ ಪಕ್ಕ ಇಟ್ಟುಕೊಂಡು ಅಜ್ಜನನ್ನೂ ಕರೆದುಕೊಂಡು ಮೇಲಿನ ಕೆರೆಯವರೆಗೆ ಹೋದರು. ಒಂದು ಕಡೆ ಕಾಲುವೆ ಮದುವೆ ಛತ್ರದ ಪಾರ್ಕಿಂಗ್ ಕೆಳಗೆ ಪೈಪಿನಲ್ಲಿ ಹೋಗುತ್ತಿತ್ತು. ಇನ್ನೊಂದು ಕಡೆ ಎಡಕ್ಕೆ ತಿರುಗಬೇಕಾದದ್ದು ಒಂದು ಶೆಡ್ಡಿನ ಗೋಡೆಗೆ ಗುದ್ದಿ ರಸ್ತೆ ಮೇಲೆ ಹರಿಯುತ್ತಿತ್ತು. ಗೋಡೆಯ ಮೇಲೆ ನೀರು ನಿಂತ ಕಲೆ ಸೊಂಟದ ಎತ್ತರಕ್ಕಿತ್ತು. ಮಳೆಗಾಲದಲ್ಲಿ ಯಾವ ಬೀದಿ ಮುಳುಗುತ್ತದೆ ಅನ್ನುವುದಕ್ಕೆ ಬೇರೆ ಅಧ್ಯಯನ ಬೇಕಾಗಲಿಲ್ಲ. ಸರ್ವೆಯರ್ ಬಂದು ಕಲ್ಲು ನೆಡುವುದಕ್ಕೆ ಬಹಳ ತಿಂಗಳು ಹಿಡಿಯಿತು. ಆದರೆ ಆ ನಕ್ಷೆ ಕೈಯಲ್ಲಿದ್ದದ್ದರಿಂದ ಮುಂದಿನ ಎಲ್ಲ ಸಭೆಯಲ್ಲಿ ಮಾತು ಕೆರೆಯ ಬೇಲಿಯಿಂದ ನೀರಿನ ದಾರಿಗೆ ಬಂತು.

ಬಿಲ್ಡರ್ ಜೊತೆ ಒಪ್ಪಂದ, ಎರಡು ಸಲ

2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ಪೀಠ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್, ದೊಡ್ಡ ರಾಜಕಾಲುವೆಗೆ 50 ಮೀಟರ್ ಬಫರ್, ಅಂದರೆ ಏನೂ ಕಟ್ಟದ ಖಾಲಿ ಪಟ್ಟಿ, ಬಿಡಬೇಕು ಅಂದಿತ್ತು. ಮಾಸ್ಟರ್ ಪ್ಲಾನ್‌ನಲ್ಲಿ ಕೆರೆಗೆ ಇದ್ದದ್ದು 30 ಮೀಟರ್. ಆ ಆದೇಶದ ಬಲದ ಮೇಲೆ ಸಮಿತಿ ಮಾತಾಡಿ, ಬಿಲ್ಡರ್ ಕಾಲುವೆ ಪಕ್ಕ ಜಾಸ್ತಿ ಜಾಗ ಬಿಡುತ್ತೇನೆ ಅಂತ ಒಪ್ಪಿದ್ದ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೆಚ್ಚಿಸಿದ ಆ ಬಫರ್ ರದ್ದು ಮಾಡಿತು. ಮಾಸ್ಟರ್ ಪ್ಲಾನ್‌ನ ಅಳತೆಯೇ ಮತ್ತೆ ಜಾರಿಗೆ ಬಂತು. ಬಿಲ್ಡರ್ ಮರುವಾರವೇ ಹಳೆಯ ನಕ್ಷೆಗೆ ವಾಪಸ್. ಅವನ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇರಲಿಲ್ಲ. ಒಪ್ಪಿದ್ದೇ ಆದೇಶಕ್ಕೆ ಹೆದರಿ, ಆದೇಶ ಹೋಯಿತು, ಒಪ್ಪಿಗೆಯೂ ಹೋಯಿತು.

ಎರಡನೇ ಮಾತುಕತೆ ಬೇರೆ ಥರ ನಡೆಯಿತು. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಕೊಳಚೆ ಶುದ್ಧೀಕರಣ ಘಟಕ, ಅಂದರೆ ಎಸ್‌ಟಿಪಿ ಇರಲೇಬೇಕು. ಅಲ್ಲಿ ಶುದ್ಧವಾದ ನೀರನ್ನು ಟಾಯ್ಲೆಟ್ಟಿಗೆ, ತೋಟಕ್ಕೆ ಬಳಸಿದ ಮೇಲೂ ಉಳಿಯುತ್ತದೆ. ಉಳಿದದ್ದನ್ನು ಏನು ಮಾಡುವುದು ಅನ್ನುವುದು ಈ ನಗರದ ಎಲ್ಲ ದೊಡ್ಡ ಸಂಘಗಳ ತಲೆನೋವು. ಕಾರ್ಯದರ್ಶಿ ಮೇಡಂಗೆ ಇದು ತಮ್ಮ ಕಟ್ಟಡದಿಂದಲೇ ಗೊತ್ತಿತ್ತು. ಬಿಲ್ಡರ್‌ಗೆ ಅವರು ಇಟ್ಟ ಪ್ರಸ್ತಾಪ: ನಿಮಗೆ ನೀರು ಬಿಡಲು ಜಾಗ ಬೇಕು, ಕೆರೆಗೆ ನೀರು ಬೇಕು. ಕಾಲುವೆ ಪಕ್ಕದ ಪಟ್ಟಿಯನ್ನು ಖಾಲಿ ಬಿಡಿ, ಅಲ್ಲಿ ಜೌಗು ಮಾಡೋಣ. ನಿಮ್ಮ ನೀರು ಅದರಲ್ಲಿ ಹಾದು ಕೆರೆಗೆ ಬರಲಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ನೀರಿನ ಪರೀಕ್ಷೆಯ ಖರ್ಚು ನಿಮ್ಮದು.

ಈ ಸಲ ಬಿಟ್ಟ ಜಾಗ ಮೊದಲು ಒಪ್ಪಿದ್ದಕ್ಕಿಂತ ಕಡಿಮೆ. ಆದರೆ ಬಿಟ್ಟದ್ದು ಇವತ್ತಿಗೂ ಹಾಗೇ ಇದೆ. ಯಾಕೆಂದರೆ ಅದು ಅವನಿಗೂ ಬೇಕು.

ಜೌಗು ಯಾಕೆ ಬೇಕಿತ್ತು ಅಂದರೆ, ಎಸ್‌ಟಿಪಿಯಿಂದ ಬಂದ ನೀರು ಕಣ್ಣಿಗೆ ತಿಳಿಯಾಗಿದ್ದರೂ ಅದರಲ್ಲಿ ಸಾರಜನಕ, ರಂಜಕ ಉಳಿದಿರುತ್ತವೆ. ಸೋಪು, ಡಿಟರ್ಜೆಂಟಿನ ಅಂಶವೂ ಅಷ್ಟಿಷ್ಟು ಇರಬಹುದು. ನೇರ ಬಿಟ್ಟರೆ ಕೆರೆ ಪಾಚಿಗಟ್ಟುತ್ತದೆ. ಜೊಂಡು, ಆಪಿನಂಥ ಗಿಡಗಳ ನಡುವೆ ನಿಧಾನವಾಗಿ ಹರಿದರೆ ಅದರಲ್ಲಿ ಒಂದು ಪಾಲು ಗಿಡಕ್ಕೆ ಹೋಗುತ್ತದೆ. ಜಕ್ಕೂರು ಕೆರೆಯಲ್ಲಿ ಎಸ್‌ಟಿಪಿ ನೀರು ಜೌಗಿನ ಮೂಲಕ ಹೋಗುವುದನ್ನು ಸಮಿತಿಯವರು ನೋಡಿಕೊಂಡು ಬಂದಿದ್ದರು. ಅಲ್ಲಿ ಕಲಿತ ಇನ್ನೊಂದು ವಿಷಯ: ಗಿಡವನ್ನು ಕಾಲಕಾಲಕ್ಕೆ ಕತ್ತರಿಸಿ ಹೊರಗೆ ಹಾಕದಿದ್ದರೆ ಅದು ಅಲ್ಲೇ ಕೊಳೆತು ಹೀರಿದ್ದನ್ನೆಲ್ಲ ನೀರಿಗೇ ವಾಪಸ್ ಕೊಡುತ್ತದೆ.

ಕತ್ತರಿಸುವವರು ಯಾರು? ಉತ್ತರ ಬೇಲಿಯ ಹೊರಗೇ ನಿಂತಿತ್ತು. ಹಸು ಕಟ್ಟಿಕೊಂಡಿರುವ ಹಳ್ಳಿಯ ಹೆಂಗಸರು ಮೊದಲು ಇಲ್ಲಿ ಹುಲ್ಲು ಕೊಯ್ಯುತ್ತಿದ್ದರು, ಹೊನಗೊನ್ನೆ ಸೊಪ್ಪು ಕೀಳುತ್ತಿದ್ದರು. ಚೆಂದದ ಕೆರೆಯ ಯೋಜನೆ ಅವರನ್ನು ಬೇಲಿಯ ಹೊರಗೆ ಹಾಕಿತ್ತು. ಈಗ ಅವರಿಗೆ ಸಮಯ ಗೊತ್ತುಮಾಡಿ ಗೇಟು ತೆಗೆದರು. ದಡದ ಹುಲ್ಲು ಹಸುವಿಗೆ, ಆಪು ಕತ್ತರಿಸಿದವರಿಗೆ ದಿನಗೂಲಿ. ಸೊಪ್ಪು ಮಾತ್ರ ಬೇಡ ಅಂದರು, ನೀರಿನ ಗುಣ ನಂಬುವಂತಿರಲಿಲ್ಲ. ವಾಕಿಂಗ್ ಬರುವ ಕೆಲವರು ಸಗಣಿ ಬಗ್ಗೆ ದೂರು ಕೊಟ್ಟರು. ಆ ದೂರುಗಳೂ ಕಡತದಲ್ಲಿ ಇವೆ, ಓದಲು ಮಜವಾಗಿವೆ.

ರಸ್ತೆ

ರಸ್ತೆ ವಿಷಯದಲ್ಲಿ ಸಮಿತಿ ಬೇಡ ಅನ್ನಲಿಲ್ಲ. ಕೆರೆಯ ಬಾಯಿ ಬಿಟ್ಟು ಸ್ವಲ್ಪ ಮೇಲಕ್ಕೆ ಬಳಸಿ ಹೋಗಲಿ, ಕಾಲುವೆ ದಾಟುವ ಕಡೆ ಪೈಪು ಹಾಕಿ ಮಣ್ಣು ತುಂಬಬೇಡಿ, ತೆರೆದ ಸೇತುವೆ ಕಟ್ಟಿ ಅಂತ ಕೇಳಿದರು. ಪೈಪಿಗೆ ಪ್ಲಾಸ್ಟಿಕ್, ಹಾಸಿಗೆ, ತೆಂಗಿನ ಗರಿ ಸಿಕ್ಕಿಕೊಂಡು ನೀರು ಹಿಂದಕ್ಕೆ ಉಕ್ಕುವುದು ಆ ಭಾಗದಲ್ಲಿ ಎಲ್ಲರೂ ಕಂಡದ್ದೇ. ಖರ್ಚು ಜಾಸ್ತಿ ಅಂತ ಇಲಾಖೆ ತಗಾದೆ ತೆಗೆಯಿತು. ಶೆಡ್ಡಿನ ಗೋಡೆಯ ಮೇಲಿನ ನೀರಿನ ಕಲೆಯ ಫೋಟೋ ಅಲ್ಲಿ ಕೆಲಸಕ್ಕೆ ಬಂತು.

ಬಳಸಿ ಹೋದ ರಸ್ತೆ ಒಂದು ಬಡಾವಣೆಯ ಆಟದ ಮೈದಾನದ ಮೂಲೆಯನ್ನು ತಿಂದಿತು. ಆ ಬಡಾವಣೆಯವರು ಸಮಿತಿಯ ಜೊತೆ ಇವತ್ತಿಗೂ ಸರಿಯಾಗಿ ಮಾತಾಡುವುದಿಲ್ಲ. ಅವರ ಸಿಟ್ಟಿನಲ್ಲಿ ನ್ಯಾಯ ಇದೆ. ಅವರನ್ನು ಸಭೆಗೆ ಕರೆದದ್ದು ರಸ್ತೆಯ ಗೆರೆ ಬದಲಾದ ಮೇಲೆ.

ಬೀಗದ ಕೈ

ಕಟ್ಟಿದ ಕಾಂಕ್ರೀಟ್ ಚರಂಡಿಯನ್ನು ಯಾರೂ ಒಡೆಯಲಿಲ್ಲ. ಅದರ ಬಾಯಿಯಲ್ಲಿ ಒಂದು ಗೇಟು ಕೂರಿಸಿದರು. ಮಳೆಯಿಲ್ಲದ ದಿನ ಗೇಟು ಮುಚ್ಚಿರುತ್ತದೆ, ಕೊಳಚೆ ಪಕ್ಕದಿಂದ ಹೋಗುತ್ತದೆ. ಮಳೆ ಚೆನ್ನಾಗಿ ಹಿಡಿದ ಮೇಲೆ ಗೇಟು ಎತ್ತಿದರೆ ನೀರು ಹೂಳು ಗುಂಡಿ ದಾಟಿ, ಜೌಗು ದಾಟಿ, ಕೆರೆಗೆ ಬರುತ್ತದೆ. ಕಾಗದದ ಮೇಲೆ ಬಹಳ ಸಲೀಸು. ಆದರೆ ಮಳೆ ಹಿಡಿಯುವುದು ರಾತ್ರಿ ಹನ್ನೊಂದಕ್ಕೆ.

2022ರ ಸೆಪ್ಟೆಂಬರ್ ಮೊದಲ ವಾರ. ಔಟರ್ ರಿಂಗ್ ರೋಡ್ ಮುಳುಗಿ, ಐಟಿ ಕಂಪನಿಯವರು ಟ್ರ್ಯಾಕ್ಟರ್‌ನಲ್ಲಿ ಆಫೀಸಿಗೆ ಹೋದ ವಾರ. ಆ ರಾತ್ರಿ ಕಾಲುವೆ ತುಂಬಿ ಕಾಂಕ್ರೀಟ್ ಚರಂಡಿಯ ಮೇಲೆ ಹರಿಯಲು ಶುರುವಾಯಿತು. ಪಕ್ಕದಲ್ಲಿ ಅರ್ಧ ಖಾಲಿ ಕೆರೆ. ಗೇಟಿನ ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಹಾಕಿತ್ತು. ಕೀ ಇದ್ದದ್ದು ನಗರದ ಇನ್ನೊಂದು ಮೂಲೆಯಲ್ಲಿರುವ ಅಧಿಕಾರಿಯ ಹತ್ತಿರ, ಅವರ ಫೋನು ಸ್ವಿಚ್ ಆಫ್. ಕೆರೆಯ ಕಾವಲಿಗೆ ಆಗ ಇದ್ದವನು ಆ ಅಜ್ಜನ ಮೊಮ್ಮಗ. ಅವನು ಕಾರ್ಯದರ್ಶಿಗೆ ಫೋನ್ ಮಾಡಿ, "ಮೇಡಂ, ಬೀಗ ಒಡೀತೀನಿ, ಆಮೇಲೆ ನೀವು ನೋಡ್ಕಳಿ" ಅಂದ. ಹಾರೆಯಿಂದ ಒಡೆದ.

ಕೆರೆ ಆ ವರ್ಷ ಕೋಡಿ ಬಿತ್ತು. ಮೇಲಿನ ಬೀದಿಗಳಲ್ಲಿ ನೀರು ಬೇಗ ಇಳಿಯಿತು. ಕೋಡಿಯ ಕೆಳಗೆ ಕಾಲುವೆ ಒತ್ತುವರಿಯಾಗಿದ್ದ ಕಡೆ ಮಾತ್ರ ಮನೆಗಳಿಗೆ ನೀರು ನುಗ್ಗಿತು, ಅಲ್ಲಿನವರು ಗೇಟು ಎತ್ತಿದವನನ್ನೇ ಬೈದರು. ಬೀಗ ಒಡೆದದ್ದಕ್ಕೆ ವಿವರಣೆ ಕೇಳಿ ಒಂದು ನೋಟಿಸೂ ಬಂತು. ಸಮಿತಿ ಉತ್ತರ ಬರೆಯಿತು, ವಿಷಯ ಅಲ್ಲಿಗೆ ನಿಂತಿತು. ಅಲ್ಲಿಂದ ಕೀ ಕಾವಲುಗಾರನ ಶೆಡ್ಡಿನಲ್ಲೇ ಇರುತ್ತದೆ, ಯಾವಾಗ ಎತ್ತಿದ, ಯಾವಾಗ ಇಳಿಸಿದ ಅಂತ ಒಂದು ಪುಸ್ತಕದಲ್ಲಿ ಬರೆಯುತ್ತಾನೆ. ನೀರುಗಂಟಿ ಅನ್ನುವ ಹುದ್ದೆ ಕಾಗದದಲ್ಲಿ ಇಲ್ಲ, ಕೆಲಸ ಮಾತ್ರ ಅದೇ.

2023ರ ಮೇ ತಿಂಗಳಲ್ಲಿ ಮತ್ತೊಂದು ಪೆಟ್ಟು. ಬೇಸಿಗೆಯ ಮೊದಲ ದೊಡ್ಡ ಮಳೆಗೆ ಗೇಟು ಎತ್ತಿದರು. ಬೆಳಕು ಹರಿಯುವಾಗ ಮೀನು ನೀರಿನ ಮೇಲೆ ಬಾಯಿ ತೆರೆದುಕೊಂಡಿದ್ದವು, ಎಂಟು ಗಂಟೆಗೆ ದಡದ ತುಂಬ ಸತ್ತು ಬಿದ್ದಿದ್ದವು. ಮೊದಲ ಮಳೆ ತಿಂಗಳುಗಟ್ಟಲೆ ರಸ್ತೆಯಲ್ಲಿ, ಚರಂಡಿಯಲ್ಲಿ ಕೂತ ಕೊಳೆಯನ್ನೆಲ್ಲ ತೊಳೆದು ತರುತ್ತದೆ. ಅದು ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ. ಪಾಚಿಯೂ ರಾತ್ರಿಯಲ್ಲಿ ಆಮ್ಲಜನಕ ಎಳೆದುಕೊಳ್ಳುವುದರಿಂದ ಬೆಳಗಿನ ಜಾವ ಮೀನಿಗೆ ಏನೂ ಉಳಿಯುವುದಿಲ್ಲ. ಮೀನಿನ ಟೆಂಡರ್ ಹಿಡಿದವನಿಗೆ ಆ ವರ್ಷ ಪೂರ್ತಿ ನಷ್ಟ. ಈಗ ಮೊದಲ ಮಳೆಗಳನ್ನು ಪಕ್ಕಕ್ಕೇ ಬಿಡುತ್ತಾರೆ. ಕಾಲುವೆಯ ನೀರು ಕಪ್ಪು ಹೋಗಿ ಕೆಂಪಾದ ಮೇಲೆ ಗೇಟು. ಈ ಬಣ್ಣದ ಲೆಕ್ಕ ಮೊಮ್ಮಗನದು. ಪ್ರಯೋಗಾಲಯದ ವರದಿ ಬರುವ ಹೊತ್ತಿಗೆ ಮಳೆ ನಿಂತಿರುತ್ತದೆ, ಅಲ್ವಾ?

ಈಗ ಎಲ್ಲಿಗೆ ಬಂದಿದೆ

2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಸಾಲಾಗಿ ಒಣಗಿದಾಗ ಈ ಕೆರೆಯಲ್ಲಿ ನೀರಿತ್ತು. ಮಳೆ ನೀರಲ್ಲ, ಹೆಚ್ಚಿನದು ಎಸ್‌ಟಿಪಿ ನೀರು. ಕುಡಿಯಲು ಬಾರದು, ಹಸಿರುಗಟ್ಟುತ್ತದೆ, ಗಾಳಿ ಜೋರಾದರೆ ಕೋಡಿಯಲ್ಲಿ ಒಂದಿಷ್ಟು ನೊರೆಯೂ ಬರುತ್ತದೆ. ಹೆಜ್ಜಾರ್ಲೆಗಳು ಬರುತ್ತವೆ. ಕಡಿದಾಗಿ ಕಲ್ಲು ಕಟ್ಟಿದ ಕಡೆ ಒಂದು ಹಕ್ಕಿಯೂ ಕೂರುವುದಿಲ್ಲ, ಎಲ್ಲ ಜೌಗಿನ ಕಡೆಗೇ. ಗಣಪತಿ ಬಿಡಲು ಬೇರೆ ಕಲ್ಯಾಣಿ ಆಗಿದೆ, ಅದರಲ್ಲಿ ದೊಡ್ಡ ಗಲಾಟೆ ಏನೂ ಆಗಲಿಲ್ಲ. ಮೇಲಿನ ಕೆರೆ ಹಾಗೇ ಕೊಳೆತು ಕೂತಿದೆ.

ಬೇರೆ ಕೆರೆಯವರು ಬಂದು ಎಲ್ಲಿಂದ ಶುರು ಮಾಡೋಣ ಅಂತ ಕೇಳಿದರೆ ಸಮಿತಿಯವರು ಈಗ ವಾಕಿಂಗ್ ಪಾತ್ ತೋರಿಸುವುದಿಲ್ಲ. ಗ್ರಾಮ ನಕ್ಷೆ ಕೈಗೆ ಕೊಟ್ಟು ಕಾಲುವೆಗುಂಟ ಮೇಲಕ್ಕೆ ಕಳಿಸುತ್ತಾರೆ. ಕೊಳಚೆ ತಿರುಗಿಸುವ ಯೋಜನೆ ಬಂದರೆ, ಅದಕ್ಕೆ ಸಹಿ ಹಾಕುವ ಮೊದಲು ಬೇಸಿಗೆಯಲ್ಲಿ ಕೆರೆಗೆ ನೀರು ಎಲ್ಲಿಂದ ಅನ್ನುವ ಉತ್ತರವನ್ನು ಲಿಖಿತವಾಗಿ ಕೇಳಿ ಅನ್ನುತ್ತಾರೆ. ಗೇಟು ಇಟ್ಟರೆ ಅದರ ಕೀ ಯಾರ ಹತ್ತಿರ ಅಂತಲೂ ಅದೇ ಕಾಗದದಲ್ಲಿ ಇರಬೇಕು. ಮೈದಾನ ಕಳೆದುಕೊಂಡ ಬಡಾವಣೆಯ ವಿಷಯವನ್ನು ಅವರಾಗಿ ಹೇಳುವುದಿಲ್ಲ. ಹೇಳಬೇಕು ಅಂತ ನನ್ನ ಅಭಿಪ್ರಾಯ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಹೊಸ ತಕರಾರು ಒಂದಿದೆ. ಆ ಬೇಸಿಗೆಯ ಬರದಲ್ಲಿ ಅಪಾರ್ಟ್‌ಮೆಂಟ್‌ಗಳು ಶುದ್ಧೀಕರಿಸಿದ ನೀರಿನಲ್ಲಿ ಅರ್ಧದಷ್ಟನ್ನು ಮಾರಬಹುದು ಅಂತ ಸರ್ಕಾರ ಅವಕಾಶ ಕೊಟ್ಟಿತು. ಬಿಲ್ಡರ್ ಕಟ್ಟಡವನ್ನು ನಿವಾಸಿಗಳ ಸಂಘಕ್ಕೆ ಒಪ್ಪಿಸಿ ಹೋಗಿದ್ದಾನೆ. ಕಟ್ಟಡ ಕಟ್ಟುವವರು ಟ್ಯಾಂಕರ್ ತಂದು ಈ ನೀರು ಕೊಳ್ಳಲು ತಯಾರಿದ್ದಾರೆ. ಬೇಡದ ನೀರಾಗಿದ್ದಾಗ ಕೆರೆಗೆ ಬಿಟ್ಟಿಯಾಗಿ ಬರುತ್ತಿತ್ತು, ಈಗ ಅದಕ್ಕೆ ರೇಟು ಇದೆ. ಹಳೆಯ ಒಪ್ಪಂದದಲ್ಲಿ "ಹೆಚ್ಚುವರಿ ನೀರು" ಅಂತ ಬರೆದಿದೆಯೇ ಹೊರತು ಎಷ್ಟು ಅಂತ ಬರೆದಿಲ್ಲ. ಸಂಘದವರು ಮಾರಿ ಉಳಿದದ್ದು ಹೆಚ್ಚುವರಿ ಅನ್ನುತ್ತಾರೆ. ಸಮಿತಿಯವರು ಮಾರುವ ಮೊದಲಿನದು ಅನ್ನುತ್ತಾರೆ. ಬೇಸಿಗೆಯ ತಿಂಗಳುಗಳಿಗೆ ಮಾತ್ರ ಇಂತಿಷ್ಟು ಲೀಟರ್ ಅಂತ ಗೊತ್ತುಮಾಡಿ ಹೊಸದಾಗಿ ಬರೆದುಕೊಳ್ಳುವ ಮಾತು ನಡೆದಿದೆ, ಇನ್ನೂ ಸಹಿ ಆಗಿಲ್ಲ.